ಒಮ್ಮೆ ಮನೆಗೆ ಬನ್ನಿ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂಬತ್ತೇ ನಿಮಿಷ. ಬಡವರೆಲ್ಲ ಅದರಲ್ಲೇ ನೂಕಾಡಿಕೊಂಡು, ನಿಂತುಕೊಂಡು ಹೋಗುತ್ತಿದ್ದರು. ಇಡೀ ಹಗಲು ಹಿಡಿಯುವ ರೈಲು ಸಿರಿವಂತರ ಪಾಲಾಗಿತ್ತು. ಅವರಿಗೆ ಹಳೆಯ ಕಾಲದ ಪ್ರಯಾಣದ ರುಚಿ ಹತ್ತಿಸಲು ಎದುರು ಸೀಟಿನಲ್ಲಿ ಸಹಪ್ರಯಾಣಿಕಳಂತೆ ಕೂರುವುದೇ ಶಂಕ್ರವ್ವನ ನೌಕರಿ. ನಾಟಕವೆಂದು ಗೊತ್ತಾದರೆ ನೌಕರಿಗೆ ಎಳ್ಳುನೀರು.

ಅಂದು ಎದುರಿಗಿದ್ದವರು ಬೆಂಗಳೂರಿನ ವಜ್ರದ ವ್ಯಾಪಾರಿ ಪದ್ಮನಾಭಯ್ಯ. ರೈಲು ಹತ್ತಿದ್ದು ಅದೇ ಮೊದಲು. ಮಕ್ಕಳೆಷ್ಟು, ಸ್ವಂತ ಮನೆಯೋ ಬಾಡಿಗೆಯೋ ಎಂದು ಶಂಕ್ರವ್ವ ರೂಢಿಯಂತೆ ಕೆದಕಿದಳು. ಹಾವೇರಿ ದಾಟುತ್ತಲೇ ರೈಲು ಕಂಪನಿ ಕೊಟ್ಟ ಬುತ್ತಿ ಬಿಚ್ಚಿ, "ನಾನ ಬಡದ ರೊಟ್ಟಿರೀ, ತಗೋರಿ," ಎಂದಳು. ಅವರು ನಾಲ್ಕು ತಿಂದರು. ಇಳಿಯುವಾಗ ಕೊನೆಯ ಮಾತನ್ನೂ ಮರೆಯದೆ ಒಪ್ಪಿಸಿದಳು: "ಒಮ್ಮೆ ಮನೀಗೆ ಬರ್ರಿ. ಹುಬ್ಬಳ್ಳಿ ದುರ್ಗದ ಬೈಲಿನ್ಯಾಗ ಶಂಕ್ರವ್ವ ಅಂದ್ರ ಯಾರನ್ನ ಕೇಳಿದ್ರೂ ತೋರಸ್ತಾರ."

ಹದಿನಾಲ್ಕು ವರ್ಷಗಳಿಂದ ಸಾವಿರಾರು ಜನರನ್ನು ಹೀಗೆ ಕರೆದಿದ್ದಳು. ಒಬ್ಬರೂ ಬಂದಿರಲಿಲ್ಲ.

ಭಾನುವಾರ ಬಾಗಿಲು ಬಡಿದ ಸದ್ದಾಯಿತು. ತೆರೆದರೆ, ಹೆಂಡತಿ ಮಕ್ಕಳೊಂದಿಗೆ ಪದ್ಮನಾಭಯ್ಯ!

"ವಿಮಾನದಲ್ಲಿ ಒಂಬತ್ತೇ ನಿಮಿಷ ಕಣಮ್ಮಾ. ನೀವು ಹೇಳ್ದಂಗೇ, ಕೇಳಿದವರೆಲ್ಲ ಮನೆ ತೋರಿಸಿದ್ರು. ಆ ರೊಟ್ಟೀನ ಬಿಸಿಬಿಸಿಯಾಗಿ ತಿನ್ನೋಣ ಅಂತ ಬಂದ್ವಿ."

"ಬರ್ರಿ, ಒಳಗ ಬರ್ರಿ," ಎಂದಳು ಶಂಕ್ರವ್ವ.

ಅವಳು ಜನ್ಮದಲ್ಲಿ ಒಂದು ರೊಟ್ಟಿ ಬಡಿದವಳಲ್ಲ.