ಶೇಂಗಾಬೆಣ್ಣೆಯ ಡಬ್ಬಿ

ಒಂದು ಮೂಟೆ ಶೇಂಗಾ, ಗಿರಣಿಯ ಕೂಲಿ, ಶೇಂಗಾಬೆಣ್ಣೆ ಮಾರುವ ಮಾಯಿ ಚೆನಾಯಿಯ ವಾರದ ದುಡಿಮೆ, ಎಲ್ಲವೂ ಆ ಒಂದೇ ಡಬ್ಬಿಯಲ್ಲಿತ್ತು. ಹರಾರೆಯ ಸಂತೆಯಲ್ಲಿ ಗಿರಾಕಿಯೊಬ್ಬಳು ಅದನ್ನು ನೋಡಿ ಮೂಗು ಮುರಿದಳು. “ಏನ್ ಮಾಯಿ, ಶೇಂಗಾಬೆಣ್ಣೆ ಮೇಲೆ ಎಣ್ಣೆ ನಿಂತೈತೆ, ಕೆಟ್ಟಿಲ್ವಾ?”

“ಎಣ್ಣೆ ಬಿಡದಿದ್ರೆ ಅನುಮಾನ ಪಡು ತಾಯಿ! ಕೈಯೊಡ್ಡು, ನೆಕ್ಕಿ ನೋಡಿ ಮಾತಾಡು.” ಮಾಯಿ ನಗುತ್ತಾ ಮರದ ಸೌಟನ್ನು ತಳ ಮುಟ್ಟುವಂತೆ ಇಳಿಸಿ ತಿರುವಿದಳು. ಕಮಟು ವಾಸನೆ ಮೂಗಿಗೆ ಬಡಿಯಿತು. ಡಬ್ಬಿ ತುಂಬಿದ್ದ ಅವಳ ನಾದಿನಿ, ಹಳೆಯದು ಖಾಲಿಯಾಗುವ ಮೊದಲೇ ಅದರ ಮೇಲೆ ಹೊಸದನ್ನು ಸುರಿದಿದ್ದಳು. ಗಿರಾಕಿ ಆಗಲೇ ಅಂಗೈ ಚಾಚಿದ್ದಳು.

ಮಾಯಿ ಸೌಟನ್ನು ಹಿಂದಕ್ಕೆಳೆದು ಮುಚ್ಚಳ ಹಾಕಿದಳು. “ಎಣ್ಣೆ ವಿಷ್ಯದಲ್ಲಿ ನಾನೇ ಸರಿ. ಆದ್ರೆ ತಳ ಕೆಟ್ಟೈತೆ. ನಾಳೆ ಬಾ, ಹೊಸದು ತಂದಿರ್ತೀನಿ.”

“ಹಂಗಾದ್ರೆ ಎರಡು ಶೀಷೆ ತೆಗೆದಿಡು,” ಎಂದಳು ಗಿರಾಕಿ.

ಡಬ್ಬಿ ಪೂರ್ತಿ ತಿಪ್ಪೆಗೆ ಹೋಯಿತು. ಗಿರಾಕಿ ಉಳಿದಳು.