ಗಂಡನ ಬೀಡಿ ಚಟ

ಬೀಡಿ ಸೇದುವವರ ಚಟವನ್ನು ಆಪರೇಷನ್ನಿಗೆ ಮೂರು ವಾರ ಮೊದಲೇ ಇಳಿಸಿ, ಮನೆಯವರೊಬ್ಬರ ಮೈಗೆ ಏರಿಸುವುದು ಆ ಆಸ್ಪತ್ರೆಯ ಪದ್ಧತಿ. ಗುರುಪಾದಪ್ಪನ ಚಟವನ್ನು ಹೆಂಡತಿ ಚಂದ್ರವ್ವ ಹೊತ್ತಿದ್ದಳು. ಹುಟ್ಟಿದಾಗಿನಿಂದ ಬೀಡಿ ಮುಟ್ಟದವಳಿಗೆ ಈಗ ರೊಟ್ಟಿ ಬಡಿಯುವಾಗಲೂ ಬೀಡಿಯದೇ ಧ್ಯಾನ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಸೇದುತ್ತಿದ್ದ ಬೀಡಿಯ ವಾಸನೆಗೆ ಅವನ ಹಿಂದೆಯೇ ನಾಲ್ಕು ಹೆಜ್ಜೆ ನಡೆದು, ನಾಚಿ, ಮನೆಗೆ ಬಂದು ಅತ್ತಿದ್ದಳು. ಆದರೂ ಒಂದು ದಮ್ಮೂ ಎಳೆದಿರಲಿಲ್ಲ.

ಹೊಟ್ಟೆಯ ಆಪರೇಷನ್ನಿನ ಹಿಂದಿನ ದಿನ ನರ್ಸ್ ಗುರುಪಾದಪ್ಪನಿಂದ ಯಂತ್ರದೊಳಗೆ ಉಸಿರು ಊದಿಸಿದಳು. ಕೆಂಪು ದೀಪ ಹತ್ತಿತು.

"ನೀವು ಬೀಡಿ ಸೇದೀರಿ. ಈಗ ಕೊಯ್ದ್ರ ಗಾಯ ಮಾಯೂದಿಲ್ಲ. ಇನ್ನ ಮೂರು ವಾರ ಕಾಯಬೇಕು. ಅಲ್ಲೀಮಟ ಚಟ ಅಕ್ಕಾರ ಮೈಯಾಗ ಇರಲಿ," ಎಂದಳು ನರ್ಸ್.

ಚಂದ್ರವ್ವ ಗಂಡನತ್ತ ತಿರುಗಿದಳು. "ಚಟಾನ ಇಲ್ಲ ನಿಮಗ. ಯಾಕ ಸೇದಿದ್ರಿ?"

"ಕಟ್ಟೀ ಮ್ಯಾಲೆ ಗೆಳ್ಯಾರು ಕೊಟ್ರು. ಸುಮ್ನ ಸೇದಿದೆ," ಎಂದು ಅವನು ನಕ್ಕ.

ಆ ನಗು ಕಂಡದ್ದೇ ಅವಳ ನೆತ್ತಿ ಉರಿಯಿತು. ಸೆರಗು ಸರಿಸಿ ತೋಳು ಚಾಚಿದಳು. "ಸಿಸ್ಟರ್, ಇವರ ಚಟ ಇವರಿಗೇ ಹಾಕ್ರಿ. ಈಗ."

"ನನ್ನ ಕಡಿಂದ ತಡ್ಯಾಕ ಆಗೂದಿಲ್ಲ, ಚಂದ್ರಾ!"

"ನನ್ನ ಕಡಿಂದ ಹೆಂಗ ಆತು?"

ನರ್ಸ್ ಸೂಜಿ ಚುಚ್ಚಿ ಅವಳ ತೋಳಿನಿಂದ ಚಟ ಇಳಿಸಿ ಅವನ ತೋಳಿಗೆ ಏರಿಸಿದಳು. ಅರ್ಧ ತಾಸಿನಲ್ಲಿ ಅವನ ಕೈ ಅಂಗಿಯ ಕಿಸೆ ತಡಕತೊಡಗಿತು. ಚಂದ್ರವ್ವ ಬೀಡಿಕಟ್ಟು ಕಿತ್ತುಕೊಂಡು ಅವನ ಕಣ್ಣೆದುರೇ ಹಿಸುಕಿ ಪುಡಿ ಮಾಡಿದಳು. ಮೈ ಹಗುರಾಗಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಮೂರು ವಾರ ನಿಮ್ಮನ್ನ ಬಿಟ್ಟು ಕದಲೂದಿಲ್ಲ ನಾನು," ಎಂದು ಅವನೆದುರು ಕುರ್ಚಿ ಎಳೆದು ಕೂತಳು. "ಅಳ್ರಿ, ಒದರ್ರಿ, ಬೇಕಾದ್ರ ನನ್ನ ಬೈರಿ. ಆದ್ರ ಈ ಸಲ ಬಿಡಾವ್ರು ನೀವ."