ತಂತಿಯ ಮೇಲಿನ ಚೀಟಿ

ಪರಿಶೀಲನೆಗೆಂದು ಟೋಕಿಯೊದಿಂದ ಬಂದಿದ್ದ ತೊಕುನಾಗ, ಉಷ್ಣಮಾಪಕದ ತಂತಿಯ ಜಾಡು ಹಿಡಿದು ಹೋಗಿ ಪ್ರಯೋಗಾಲಯದ ಎರಡನೇ ಪಾತ್ರೆಯ ಮುಂದೆ ನಿಂತರು. "ಕುರಾಮೋಚಿಯವರೇ, ತಿಂಗಳಿಂದ ನೀವು ಬಿಸಿ ಬಿಸಿ ಅಂತಿರೋದು ಇದನ್ನಾ? ಇದ್ರಲ್ಲಿ ಭಾರಜಲವೇ ಇಲ್ವಲ್ರೀ, ಬರೀ ನೀರು!"

ಕುರಾಮೋಚಿ ತಂತಿಗಳನ್ನು ಹತ್ತಿರದಿಂದ ನೋಡಿದರು. ಹೋಲಿಕೆಗೆಂದು ಇಟ್ಟ ಪಾತ್ರೆಯೇ ಬಿಸಿಯಾಗಿದ್ದರೆ ಅದು ಅವರು ಹುಡುಕುತ್ತಿದ್ದ ಪರಮಾಣುಗಳ ಬೆಸುಗೆಯ ಶಾಖವಲ್ಲ, ಉಪಕರಣದ ದೋಷ. ಎರಡೂ ಪಾತ್ರೆಗಳ ತಂತಿಗಳಿಗೆ ಗುರುತಿಗೆಂದು ಸುತ್ತಿದ್ದ ಚೀಟಿಗಳು ಅದಲುಬದಲಾಗಿದ್ದವು. ಎರಡರ ಮೇಲೂ ಇದ್ದದ್ದು ಅವರದೇ ಓರೆ ಅಕ್ಷರ.

ಅವರು ಬಾಯಿ ತೆರೆಯುವ ಮೊದಲೇ ಸಹಾಯಕಿ ಓರಿಯೆ ಮುಂದೆ ಬಂದು, ಮೇಜಿಗೆ ಬೆನ್ನು ಕೊಟ್ಟು, ಸೊಂಟ ಬಗ್ಗಿಸಿ ನಿಂತಳು. "ಕ್ಷಮಿಸ್ಬೇಕು. ಚೀಟಿ ಅಂಟಿಸಿದ್ದು ನಾನು. ಮೇಷ್ಟ್ರಿಗೆ ಗೊತ್ತಿರ್ಲಿಲ್ಲ."

"ಕೈ ಒಂದ್ಕಡೆ, ಜ್ಞಾನ ಒಂದ್ಕಡೆ! ಮೂವತ್ತು ವರ್ಷ ಜನ ನಕ್ಕರೂ ಬಿಡದೆ ದುಡಿದೋರು ಕಣಮ್ಮ ಇವರು," ಎಂದು ತೊಕುನಾಗ ಗದರಿದರು.

ತಪ್ಪು ತಮ್ಮದೆಂದು ಆಗಲೂ ಹೇಳಬಹುದಿತ್ತು. ಕುರಾಮೋಚಿ ಅವಳ ಪಕ್ಕಕ್ಕೆ ಬಂದು ನಿಂತರು. "ನನ್ನ ಶಿಷ್ಯೆ ತಪ್ಪಿಗೆ ನಾನೂ ಹೊಣೆ," ಎಂದು ಬಗ್ಗಿದರು.

ಬಗ್ಗಿದ ಕಣ್ಣಿಗೆ ನೇರವಾಗಿ ಕಂಡದ್ದು ಅವಳ ಬಿಗಿದ ಮುಷ್ಟಿ. ಬೆರಳ ಸಂದಿಯಿಂದ ಬಿಳಿ ಚೀಟಿಗಳ ತುದಿ ಇಣುಕುತ್ತಿತ್ತು. ಅವರ ಓರೆ ಅಕ್ಷರ ಯಾರ ಕಣ್ಣಿಗೂ ಬೀಳದಂತೆ ಅವಳು ಆಗಲೇ ಅವನ್ನು ಕಿತ್ತುಕೊಂಡಿದ್ದಳು.